ಕ್ವಾರಿಗೆ ಜಮೀನು ಕೊಟ್ಟರೆ ನೀರಿನ ಗತಿ ಏನು, ಗುಂಡಿಯ ಗತಿ ಏನು?

ಪ್ರಶ್ನೆ: ನಾವು ಶಿಡ್ಲಘಟ್ಟ ತಾಲ್ಲೂಕಿನವರು. ಊರ ಹೊರಗೆ 3 ಎಕರೆ ಪಟ್ಟಾ ಜಮೀನಿದೆ. ಒಂದು ಬದಿಗೆ ಬಂಡೆ ಗುಡ್ಡೆಯಾಗಿ ಎದ್ದಿದೆ. ಉಳಿದ ಕಡೆ ಒಂದೆರಡು ಅಡಿ ಕೆಂಪು ಮಣ್ಣು, ಕೆಳಗೆ ಗರಸು, ಆಮೇಲೆ ಕಲ್ಲು. ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಅದೂ ಇಲ್ಲ. ಜಲ್ಲಿ ಕ್ವಾರಿಗೆ ಕೊಡಿ ಎಂದು ಒಬ್ಬರು ಕೇಳುತ್ತಿದ್ದಾರೆ. ಕೆಲಸ ಮುಗಿದ ಮೇಲೆ ಗುಂಡಿ ಮುಚ್ಚಿ ಕೊಡುತ್ತಾರಂತೆ. ಇಲ್ಲದಿದ್ದರೆ ಮೀನು ಸಾಕುವಂಥ ದೊಡ್ಡ ಹೊಂಡ ಆಗುತ್ತದಂತೆ, ಅಂತರ್ಜಲವೂ ಏರುತ್ತದಂತೆ. ಪಕ್ಕದ ಜಮೀನಿನವರು ನಮ್ಮ ಬೋರ್‌ವೆಲ್ ಬತ್ತಿಹೋಗುತ್ತದೆ ಎಂದು ಜಗಳಕ್ಕೆ ಬಂದಿದ್ದಾರೆ. ನಮ್ಮದೇ ಹಿಪ್ಪುನೇರಳೆ ತೋಟ ಹತ್ತಿರದಲ್ಲಿದೆ, ತಗ್ಗಿನಲ್ಲಿ ಊರ ಕೆರೆ ಇದೆ. ಯಾರ ಮಾತು ನಂಬುವುದು?

ಉತ್ತರ: ಗುಂಡಿ ಮುಚ್ಚಿ ಕೊಡುತ್ತೇವೆ ಎಂಬ ಮಾತನ್ನು ಮೊದಲು ಪಕ್ಕಕ್ಕಿಡಿ. ಅದು ಆಗದ ಮಾತು. ಯಾಕೆ ಎಂದು ಲೆಕ್ಕ ಹಾಕೋಣ.

ನಿಮ್ಮ 3 ಎಕರೆ ಅಂದರೆ ಸುಮಾರು 12,000 ಚದರ ಮೀಟರ್. ಸುತ್ತಲೂ 7.5 ಮೀಟರ್ ಜಾಗ ಬಿಟ್ಟು ಒಳಗೆ ಅಗೆಯಬೇಕು. ಆಗ ಉಳಿಯುವುದು 9,000 ಚದರ ಮೀಟರ್. ಆರು ಮೀಟರ್ ಎತ್ತರ, ಆರು ಮೀಟರ್ ಅಗಲದ ಮೆಟ್ಟಿಲು ಬಿಡುತ್ತಾ 30 ಮೀಟರ್ ಆಳಕ್ಕೆ ಇಳಿದರೆ ಹೊರಬರುವ ಕಲ್ಲು ಸುಮಾರು 1.6 ಲಕ್ಷ ಘನ ಮೀಟರ್. ತೂಕದಲ್ಲಿ 4 ಲಕ್ಷ ಟನ್‌ಗೂ ಜಾಸ್ತಿ. ಟಿಪ್ಪರ್‌ಗೆ 20 ಟನ್ ಹಿಡಿದರೂ 20,000 ಲೋಡ್ ದಾಟುತ್ತದೆ. ಅಷ್ಟೂ ಬೆಂಗಳೂರಿನ ಕಟ್ಟಡಗಳಿಗೆ, ರಸ್ತೆಗಳಿಗೆ ಹೋಗಿಬಿಟ್ಟಿರುತ್ತದೆ. ವಾಪಸ್ ಬರುವಂಥದ್ದಲ್ಲ. ಹಾಗಾದರೆ ಏನು ಹಾಕಿ ಮುಚ್ಚುತ್ತಾರೆ? ನಿಮ್ಮ ಜಮೀನಿನ ಅರ್ಧ ಮೀಟರ್ ಮೇಲ್ಮಣ್ಣನ್ನು ಒಂದು ಹಿಡಿಯೂ ಬಿಡದೆ ಎತ್ತಿಟ್ಟುಕೊಂಡಿದ್ದರೆ ಅದು 4,500 ಘನ ಮೀಟರ್. ಗುಂಡಿಯ ನೂರರಲ್ಲಿ ಮೂರು ಪಾಲು. ಉಳಿದ 97 ಪಾಲಿಗೆ ಹನ್ನೊಂದು ಸಾವಿರ ಲೋಡ್ ಮಣ್ಣು ಬೇಕು. ಆ ಮಣ್ಣನ್ನು ಇನ್ನೊಬ್ಬರ ಜಮೀನಿನಿಂದ ಅಗೆದು ತರಬೇಕು. ಅಂದರೆ ಅಲ್ಲೊಂದು ಗುಂಡಿ. ಆ ಖರ್ಚನ್ನು ಕಲ್ಲು ಖಾಲಿಯಾದ ಜಾಗಕ್ಕೆ ಯಾರೂ ಹಾಕುವುದಿಲ್ಲ.

ಮುಚ್ಚುವುದಕ್ಕೆ ಒಂದೇ ಸುಲಭದ ದಾರಿ ಇದೆ, ಅದು ಕಸ. ಬೆಂಗಳೂರಿನ ಉತ್ತರಕ್ಕೆ ಮಿಟ್ಟಗಾನಹಳ್ಳಿ, ಬೆಳ್ಳಹಳ್ಳಿ ಕ್ವಾರಿ ಗುಂಡಿಗಳಿಗೆ ನಗರದ ಕಸ ಸುರಿದದ್ದು ನಿಮಗೂ ಗೊತ್ತಿರಬಹುದು. ಕಸ ಕೊಳೆತು ಇಳಿಯುವ ಕಪ್ಪು ನೀರು ಬಂಡೆಯ ಬಿರುಕು ಹಿಡಿದು ಹೋಗುತ್ತದೆ. ಒಮ್ಮೆ ಹೋದರೆ ಅದನ್ನು ತೊಳೆದು ತೆಗೆಯುವ ಉಪಾಯ ನಮ್ಮ ಕೈಲಿಲ್ಲ. ಕಟ್ಟಡ ಒಡೆದ ಅವಶೇಷ ಮಾತ್ರ ತುಂಬುತ್ತೇವೆ ಎಂದರೂ ಒಪ್ಪಬೇಡಿ. ಆ ಲೋಡಿನಲ್ಲಿ ಏನೇನು ಬರುತ್ತದೆ ಎಂದು ರಾತ್ರಿ ಹೊತ್ತು ನಿಂತು ನೋಡುವವರು ಯಾರು?

ಹಾಗಾಗಿ ಗುಂಡಿ ಉಳಿಯುತ್ತದೆ ಎಂದೇ ಇಟ್ಟುಕೊಳ್ಳಿ. ಗುತ್ತಿಗೆದಾರ ಹೋಗುತ್ತಾನೆ, ಪಹಣಿ ನಿಮ್ಮ ಹೆಸರಲ್ಲೇ ಇರುತ್ತದೆ. ಈಗ ಕೇಳಬೇಕಾದದ್ದು ಎಂಥ ಗುಂಡಿ, ಎಷ್ಟು ಆಳ ಎಂಬುದನ್ನು.

ಪಕ್ಕದವರ ಭಯದ ವಿಷಯಕ್ಕೆ ಬರೋಣ. ನಿಮ್ಮ ಸೀಮೆಯ ನೆಲದಡಿ ಇರುವುದು ನೈಸ್ ಮತ್ತು ಗ್ರಾನೈಟ್. ಗಟ್ಟಿ ಬಂಡೆ, ಅದರ ಮೈಯಲ್ಲಿ ನೀರು ಹಿಡಿಯುವ ಜಾಗವೇ ಇಲ್ಲ. ನೀರು ನಿಲ್ಲುವುದು ಎರಡೇ ಕಡೆ. ಒಂದು, ಮೇಲಿನ ಗರಸು ಮತ್ತು ಸವೆದು ಮೆತ್ತಗಾದ ಕಲ್ಲಿನ ಪದರದಲ್ಲಿ. ಇನ್ನೊಂದು, ಕೆಳಗಿನ ಗಟ್ಟಿ ಕಲ್ಲಿನ ಬಿರುಕುಗಳಲ್ಲಿ. ಮೇಲಿನ ಪದರವೇ ಕಣಜ ಇದ್ದಂತೆ. ಮಳೆ ನೀರು ಮೊದಲು ಅಲ್ಲಿ ತುಂಬಿ, ಅಲ್ಲಿಂದ ನಿಧಾನವಾಗಿ ಬಿರುಕುಗಳಿಗೆ ಇಳಿಯುತ್ತದೆ. ಆ ಪದರ ನಿಮ್ಮಲ್ಲಿ ಎಷ್ಟು ದಪ್ಪ ಇದೆ ಎಂದು ತಿಳಿಯಲು ಭೂವಿಜ್ಞಾನಿ ಬೇಕಾಗಿಲ್ಲ. ಅಕ್ಕಪಕ್ಕದವರು ಬೋರ್‌ವೆಲ್ ಕೊರೆಸಿದಾಗ ಎಷ್ಟು ಅಡಿ ಕೇಸಿಂಗ್ ಇಳಿಸಿದರು ಎಂದು ಕೇಳಿ. ಕುಸಿಯುವ ಪದರ ಮುಗಿದು ಗಟ್ಟಿ ಕಲ್ಲು ಸಿಗುವ ತನಕ ಕೇಸಿಂಗ್ ಹಾಕುತ್ತಾರಲ್ವಾ, ಆ ಆಳವೇ ನಿಮ್ಮ ಕಣಜದ ತಳ. ನಾಲ್ಕೈದು ಬೋರ್‌ವೆಲ್‌ಗಳ ಲೆಕ್ಕ ಸಿಕ್ಕರೆ ನೆಲದಡಿಯ ನಕ್ಷೆ ಅರ್ಧ ಸಿಕ್ಕಂತೆ.

ಈ ಪದರ ಹಿಡಿಯುವ ನೀರು ಬಹಳ ಕಡಿಮೆ. ನೂರು ಲೀಟರ್ ಗಾತ್ರದ ಗರಸಿನಿಂದ ಬಸಿದು ಸಿಗುವುದು ಒಂದರಿಂದ ನಾಲ್ಕು ಲೀಟರ್ ಮಾತ್ರ. ಅದಕ್ಕೇ ಸ್ವಲ್ಪ ನೀರು ತೆಗೆದರೂ ಮಟ್ಟ ಸರಕ್ಕನೆ ಇಳಿಯುತ್ತದೆ. ಕ್ವಾರಿ ಈ ಪದರವನ್ನು ಕತ್ತರಿಸಿಕೊಂಡೇ ಕೆಳಗೆ ಹೋಗುತ್ತದೆ. ಅದರಲ್ಲಿ ನೀರಿದ್ದರೆ ಗುಂಡಿಯ ಗೋಡೆಯಿಂದ ಜಿನುಗುತ್ತದೆ. ತಳದಲ್ಲಿ ನೀರು ನಿಂತರೆ ಕಲ್ಲು ಒಡೆಯಲಾಗುವುದಿಲ್ಲ, ಪಂಪ್ ಹಾಕಿ ಹೊರಗೆ ಚೆಲ್ಲುತ್ತಾರೆ. ಹಾನಿ ಶುರುವಾಗುವುದು ಇಲ್ಲಿಂದ. ಸೆಕೆಂಡಿಗೆ ಒಂದೇ ಲೀಟರ್ ಜಿನುಗು ಅಂದುಕೊಳ್ಳಿ. ನೋಡಲು ಏನೂ ಅಲ್ಲ. ದಿನಕ್ಕೆ 86,400 ಲೀಟರ್ ಆಯಿತು. 6,000 ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ 14 ಟ್ಯಾಂಕರ್.

ಸಿಡಿಮದ್ದಿನಿಂದ ಬೋರ್‌ವೆಲ್ ಒಣಗುತ್ತದೆ ಎಂದು ಜನ ಹೇಳುವುದು ಜಾಸ್ತಿ. ನೆಲ ಅದುರಿ ಹಳೆಯ ಬಾವಿಯ ಕಟ್ಟು ಸಡಿಲವಾಗಬಹುದು, ಬೋರ್‌ವೆಲ್ ನೀರು ಕೆಲವು ದಿನ ಕದಡಬಹುದು. ಆದರೆ ನನ್ನ ಪ್ರಕಾರ ಸದ್ದು ಮಾಡುವ ಸಿಡಿತಕ್ಕಿಂತ ಸದ್ದಿಲ್ಲದೆ ಓಡುವ ಪಂಪಿಗೆ ಜಾಸ್ತಿ ಹೆದರಬೇಕು.

ಪಕ್ಕದವರ ಬೋರ್‌ವೆಲ್ ಸಾವಿರ ಅಡಿಯದಾಗಿದ್ದರೆ, ನೂರು ಅಡಿಯ ಕ್ವಾರಿ ಅದನ್ನು ನಾಳೆಯೇ ಒಣಗಿಸುವುದಿಲ್ಲ. ಅದು ನೀರು ಎಳೆಯುವ ಬಿರುಕು ಬಹಳ ಕೆಳಗಿರುತ್ತದೆ. ಮೊದಲು ಪೆಟ್ಟು ಬೀಳುವುದು ತೆರೆದ ಬಾವಿಗಳಿಗೆ, ಮುನ್ನೂರು ಅಡಿಯ ಒಳಗಿನ ಹಳೆಯ ಬೋರ್‌ವೆಲ್‌ಗಳಿಗೆ. ಆಳದವುಗಳಿಗೆ ಪೆಟ್ಟು ತಡವಾಗಿ ಬರುತ್ತದೆ, ಮೇಲಿಂದ ಇಳಿಯುವ ನೀರು ಕಡಿಮೆಯಾದಾಗ. ಅಷ್ಟು ಹೊತ್ತಿಗೆ ಕಾರಣ ಯಾವುದು ಎಂದು ಹೇಳುವುದು ಕಷ್ಟ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಅಂತರ್ಜಲವನ್ನು ತುಂಬುವುದಕ್ಕಿಂತ ಜಾಸ್ತಿ ಎತ್ತಿ ಎತ್ತಿಯೇ ಮಟ್ಟ ಪಾತಾಳಕ್ಕೆ ಹೋಗಿರುವುದು. ಎಲ್ಲ ತಪ್ಪನ್ನೂ ಕ್ವಾರಿಯ ತಲೆಗೆ ಕಟ್ಟುವುದು ನ್ಯಾಯವಲ್ಲ, ಕ್ವಾರಿಯದು ಏನೂ ತಪ್ಪಿಲ್ಲ ಎನ್ನುವುದೂ ಸುಳ್ಳು. ಜಗಳ ಬಿಡಿಸುವುದು ಅಳತೆಯೊಂದೇ. ಅದನ್ನು ಆಮೇಲೆ ಹೇಳುತ್ತೇನೆ.

ಇಲ್ಲಿ ಇನ್ನೊಂದು ಮಾತು. ನಮ್ಮ ತೆರೆದ ಬಾವಿ ಯಾವತ್ತೋ ಬತ್ತಿದೆ, ಮೇಲಿನ ಪದರದಲ್ಲಿ ಹನಿ ನೀರಿಲ್ಲ, ಇನ್ನು ಹಾಳಾಗುವುದಕ್ಕೆ ಏನಿದೆ ಎಂದು ಕೆಲವರು ಕೇಳುತ್ತಾರೆ. ಖಾಲಿ ಇರುವುದರಿಂದಲೇ ಅದನ್ನು ಉಳಿಸಿಕೊಳ್ಳಬೇಕು. 2021 ಮತ್ತು 2022ರ ಭಾರಿ ಮಳೆಗೆ ನಿಮ್ಮ ಕಡೆಯ ಕೆರೆಗಳು ಕೋಡಿ ಹರಿದದ್ದು ನೆನಪಿದೆಯಲ್ವಾ? ಅಂಥ ವರ್ಷಗಳ ನೀರು ಬಂದು ಕೂರುವುದು ಈ ಪದರದಲ್ಲೇ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯಿಂದ ಸಂಸ್ಕರಿಸಿದ ಕೊಳಚೆ ನೀರು ಬರುವ ಕೆರೆಗಳ ಸುತ್ತ ಕೂಡ ಇಂಗಿದ ನೀರು ಮೊದಲು ಸೇರುವುದು ಇದಕ್ಕೇ. ನಿಮ್ಮೂರ ಕೆರೆಗೆ ಆ ನೀರು ಬರುತ್ತಿದ್ದರೆ, ಹತ್ತು ವರ್ಷದ ಹಿಂದೆ ಒಣಗಿರುತ್ತಿದ್ದ ಆಳದಲ್ಲಿ ಈಗ ನೀರು ಸಿಗಬಹುದು. ಹಳೆಯ ಲೆಕ್ಕ ತೋರಿಸಿ ನೀರಿನ ಮಟ್ಟ ಬಹಳ ಕೆಳಗಿದೆ, ಕ್ವಾರಿ ಮುಟ್ಟುವುದಿಲ್ಲ ಎಂದರೆ ನಂಬಬೇಡಿ.

ಇನ್ನು ಮೀನಿನ ಹೊಂಡ ಮತ್ತು ಅಂತರ್ಜಲ ಏರುವ ಕಥೆ. ಹೊರದೇಶದ ಗ್ರಾವೆಲ್ ಗುಂಡಿಗಳು ಚೆಂದದ ಕೆರೆಗಳಾಗಿರುವ ಫೋಟೊ ತೋರಿಸುವವರಿದ್ದಾರೆ. ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ ವಾಟರ್ ಪಾರ್ಕ್‌ನಲ್ಲಿ ಹಾಗೆ ನೂರಕ್ಕೂ ಹೆಚ್ಚು ಕೆರೆಗಳಿವೆ, ನಿಜ. ಅಲ್ಲಿ ಅಗೆದದ್ದು ಥೇಮ್ಸ್ ನದಿಯ ಮೇಲ್ದಂಡೆಯ ಬಯಲಿನಲ್ಲಿ ಹಾಸಿದ ಗುಂಡುಕಲ್ಲು, ಮರಳು. ಒಂದೆರಡು ಆಳು ಆಳಕ್ಕೇ ನೀರು, ಸುತ್ತಲ ನೆಲದಲ್ಲೆಲ್ಲ ಹರಿದಾಡುವ ನೀರು. ನಮ್ಮದು ಬಂಡೆ. ಬಿರುಕು ಇದ್ದ ಕಡೆ ಮಾತ್ರ ನೀರಿನ ಓಡಾಟ. ಗುಂಡಿಯ ತಳಕ್ಕೆ ಕಲ್ಲಿನ ಪುಡಿ ಕೂತು ಆ ಬಿರುಕೂ ಮುಚ್ಚಿಕೊಳ್ಳುತ್ತದೆ. ನೀರು ನಿಂತಿದೆ ಎಂದ ಮಾತ್ರಕ್ಕೆ ಇಂಗುತ್ತಿದೆ ಅಂತಲ್ಲ.

ನಿಂತ ನೀರಿಗೆ ಬಿಸಿಲು ಬೀಳುತ್ತದೆ. ನಿಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ 700 ಮಿಲಿಮೀಟರ್ ಆಸುಪಾಸು. ತೆರೆದ ನೀರಿನಿಂದ ಆವಿಯಾಗುವುದು ಅದರ ಎರಡು ಪಟ್ಟು, ಸುಮಾರು ಒಂದೂವರೆ ಮೀಟರ್. ಮೇಲೆ ಲೆಕ್ಕ ಹಾಕಿದ ಗುಂಡಿಗೇ ಬನ್ನಿ. ಅದರ ಬಾಯಿಗೆ ಬೀಳುವ ಮಳೆ 63 ಲಕ್ಷ ಲೀಟರ್. ಒಳಗೆ ಒಂದೂವರೆ ಎಕರೆ ನೀರು ನಿಂತಿದ್ದರೆ ಆವಿಯಾಗಿ ಹೋಗುವುದು 90 ಲಕ್ಷ ಲೀಟರ್. 27 ಲಕ್ಷ ಲೀಟರ್ ಕೊರತೆ. ಅಷ್ಟು ನೀರನ್ನು ಸುತ್ತಲಿನ ನೆಲ ಕೊಡಬೇಕು, ಇಲ್ಲವೇ ನೀರಿನ ಮಟ್ಟ ಇಳಿಯುತ್ತಾ ಹೋಗಬೇಕು. ಕ್ವಾರಿ ನಿಂತ ಮೇಲೂ, ಪಂಪ್ ಕಿತ್ತೊಯ್ದ ಮೇಲೂ, ವರ್ಷ ವರ್ಷವೂ 450 ಟ್ಯಾಂಕರ್ ನೀರು ಹೀಗೆ ಆಕಾಶಕ್ಕೆ ಹೋಗುತ್ತದೆ. ನೀರು ತುಂಬಿದ ಕ್ವಾರಿ ಕಣ್ಣಿಗೆ ಆಸ್ತಿಯಂತೆ ಕಾಣುತ್ತದೆ, ಆದರೆ ಊರಿನ ನೀರಿನ ಲೆಕ್ಕದಲ್ಲಿ ಅದು ಖರ್ಚಿನ ಬಾಬತ್ತು.

ಮೀನಿನ ಮಾತೂ ಅಷ್ಟೇ. ಕಡಿದಾದ ಗೋಡೆ, ಇಳಿಯಲು ಜಾಗವಿಲ್ಲ, ಅಂಚಿನಲ್ಲೇ ಹತ್ತಾರು ಅಡಿ ಆಳ. ಬಲೆ ಎಳೆಯುವುದು ಹೇಗೆ? ಸಿಡಿಮದ್ದಿನಲ್ಲಿರುವ ಅಮೋನಿಯಂ ನೈಟ್ರೇಟ್ ಉಳಿಕೆ ನೀರಿನಲ್ಲಿ ಕರಗುವುದೂ ಉಂಟು. ಆ ನೀರನ್ನು ಕುಡಿಯಲು ಬಳಸುವ ಮೊದಲು ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿಲ್ಲ, ಫ್ಲೋರೈಡ್ ಒಂದೂವರೆ ಮಿಲಿಗ್ರಾಂ ದಾಟಿಲ್ಲ ಎಂದು ಪರೀಕ್ಷೆ ಮಾಡಿಸಲೇಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಜೀವ. ಬೇಸಿಗೆ ರಜೆಯಲ್ಲಿ ಕ್ವಾರಿ ಹೊಂಡಕ್ಕೆ ಈಜಲು ಹೋದ ಮಕ್ಕಳು ಮುಳುಗಿದ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಈಜು ಬಂದರೂ ಹತ್ತಿ ಬರಲು ದಾರಿ ಇರುವುದಿಲ್ಲ. ಕಲ್ಲು ಸಾಗಿಸಲು ಮಾಡಿದ ಇಳಿಜಾರು ದಾರಿಯನ್ನು ಕೊನೆಯಲ್ಲಿ ಅದರಡಿಯ ಕಲ್ಲಿನಾಸೆಗೆ ಒಡೆದುಬಿಡುತ್ತಾರೆ. ಆ ಒಂದು ದಾರಿಯನ್ನು ಹಾಗೇ ಉಳಿಸಬೇಕು ಎಂದು ಬರೆಸಿಕೊಳ್ಳಿ. ಖರ್ಚಿಲ್ಲದ ಕೆಲಸ, ಬಿದ್ದವರಿಗೆ, ಬಿದ್ದ ದನಕ್ಕೆ ಹೊರಬರಲು ಅದೇ ಗತಿ.

ಹಾಗಾದರೆ ಕೊಡಲೇಬಾರದಾ? ನಾನು ಹಾಗೆ ಹೇಳುತ್ತಿಲ್ಲ. ಮನೆ ಕಟ್ಟಲು ಜಲ್ಲಿ ಎಲ್ಲರಿಗೂ ಬೇಕು, ಅದು ಎಲ್ಲಿಂದಾದರೂ ಬರಬೇಕು. ಹಾನಿ ಎಷ್ಟು ಎಂಬುದನ್ನು ಆಳ ತೀರ್ಮಾನಿಸುತ್ತದೆ. ನಿಮ್ಮ ಜಮೀನಿನಲ್ಲಿ ಎದ್ದಿರುವ ಬಂಡೆಗುಡ್ಡೆಯನ್ನು ಮಾತ್ರ ಒಡೆದು, ಸುತ್ತಲಿನ ನೆಲದ ಮಟ್ಟಕ್ಕೆ ನಿಲ್ಲಿಸಿದರೆ ಗುಂಡಿಯೇ ಆಗುವುದಿಲ್ಲ. ಸಮತಟ್ಟಾದ ಕಲ್ಲುಹಾಸು ಉಳಿಯುತ್ತದೆ, ಅದರ ಮೇಲೆ ಮಣ್ಣು ಹರಡಿ ಏನಾದರೂ ಬೆಳೆಯಬಹುದು. ನೆಲಮಟ್ಟದಿಂದ ಕೆಳಗೆ ಹೋದರೂ ನೀರಿನ ಮಟ್ಟಕ್ಕಿಂತ ಮೇಲೆ ನಿಂತರೆ ಪಂಪ್ ಬೇಕಾಗುವುದಿಲ್ಲ. ನೀರಿನ ಮಟ್ಟ ದಾಟಿ ಇಳಿಯುವ ಯೋಜನೆ ಆಗಿದ್ದರೆ, ನಿಮ್ಮ ತೋಟ ಮತ್ತು ಕೆರೆ ಅಷ್ಟು ಹತ್ತಿರವಿರುವಾಗ, ಬೇಡ ಎಂದೇ ನನ್ನ ಸಲಹೆ. ಬಾಡಿಗೆ ಎಷ್ಟೇ ಕೊಡಲಿ.

ಆಳ ಎಷ್ಟು ಎಂದು ಅವರ ಬಾಯಿಂದ ಕೇಳಬೇಡಿ, ಕಾಗದದಲ್ಲಿ ನೋಡಿ. ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಕೊಡುವ ಗಣಿ ಯೋಜನೆಯಲ್ಲಿ ಗುಂಡಿಯ ತಳ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎಂದು ಬರೆದಿರುತ್ತದೆ. ನೆಲ 890, ತಳ 850 ಎಂದಿದ್ದರೆ 40 ಮೀಟರ್ ಆಳ, ಅಂದರೆ 130 ಅಡಿ. ಅದರ ಪಕ್ಕದಲ್ಲಿ ನಿಮ್ಮೂರಿನ ಕೇಸಿಂಗ್ ಆಳವನ್ನೂ, ಮಳೆಗಾಲ ಮುಗಿದಾಗಿನ ನೀರಿನ ಮಟ್ಟವನ್ನೂ ಬರೆದು ನೋಡಿ. ಉತ್ತರ ನಿಮಗೇ ಸಿಗುತ್ತದೆ. ಪರಿಸರ ಅನುಮತಿಯೂ ಬೇಕು. ಸಣ್ಣ ಕ್ವಾರಿಗೆ ಅದೆಲ್ಲ ಬೇಡ ಎಂದು ಯಾರಾದರೂ ಹೇಳಿದರೆ, 5 ಹೆಕ್ಟೇರ್‌ಗಿಂತ ಚಿಕ್ಕ ಗುತ್ತಿಗೆಗೂ ಬೇಕು ಎಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲೇ ಹೇಳಿದೆ. ಅನುಮತಿ ಪತ್ರ, ಅದರ ಷರತ್ತುಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಹುಡುಕಿ ಓದಬಹುದು. 500 ಮೀಟರ್ ಒಳಗೆ ಬೇರೆ ಕ್ವಾರಿಗಳಿದ್ದರೆ ಎಲ್ಲವನ್ನೂ ಸೇರಿಸಿ ನೋಡಬೇಕೆಂಬ ನಿಯಮ 2016ರಿಂದ ಇದೆ. ಗಣಿ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಿ ಮೇವಿಗೆ ಯೋಗ್ಯ ಮಾಡಬೇಕು ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೆ.

ಹುಲ್ಲು ಬೆಳೆಯಬೇಕಾದರೆ ಮಣ್ಣು ಬೇಕಲ್ಲ? ಬಹಳ ಕಡೆ ಮೊದಲ ತಿಂಗಳೇ ಸೋಲುವುದು ಇಲ್ಲಿ. ಜೆಸಿಬಿ ಬಂದು ಮೇಲ್ಮಣ್ಣು, ಗರಸು ಎಲ್ಲವನ್ನೂ ಒಟ್ಟಿಗೆ ಎಳೆದು ಗುಡ್ಡೆ ಹಾಕುತ್ತದೆ. ಗರಸಿಗೆ ರಸ್ತೆ ಕೆಲಸದವರಿಂದ, ಸೈಟು ತುಂಬಿಸುವವರಿಂದ ಒಳ್ಳೆ ಬೆಲೆ, ಹಾಗಾಗಿ ಅದು ಕಲ್ಲಿಗಿಂತ ಮೊದಲು ಮಾರಾಟವಾಗುತ್ತದೆ. ಹತ್ತು ವರ್ಷದ ಮೇಲೆ ಜಾಗ ಸರಿಪಡಿಸಲು ಏನೂ ಉಳಿದಿರುವುದಿಲ್ಲ. ಮೇಲಿನ ಒಂದಡಿ ಮಣ್ಣನ್ನು ಬೇರೆಯಾಗಿ ತೆಗೆಯಬೇಕು. ಎರಡು ಮೀಟರ್‌ಗಿಂತ ಎತ್ತರ ಪೇರಿಸಬಾರದು, ಒಳಗೆ ಗಾಳಿ ಆಡದೆ ಮಣ್ಣಿನ ಜೀವ ಸತ್ತುಹೋಗುತ್ತದೆ. ಗುಡ್ಡೆಯ ಮೇಲೆ ಮೊದಲ ಮಳೆಗೇ ಹುರುಳಿ ಚೆಲ್ಲಿ. ಬೇರು ಮಣ್ಣನ್ನು ಹಿಡಿದಿಡುತ್ತದೆ, ಮಳೆಗೆ ಕೊಚ್ಚಿಕೊಂಡು ಕೆರೆಗೆ ಹೋಗುವುದು ತಪ್ಪುತ್ತದೆ. ಗರಸನ್ನು ಗುಂಡಿಯ ಸುತ್ತ ಬದುವಾಗಿ ಹಾಕಿಸಿ, ಬೇಲಿಯ ಕೆಲಸವನ್ನೂ ಅದು ಅರ್ಧ ಮಾಡುತ್ತದೆ. ಗರಸು, ಮಣ್ಣಿನ ಭಾಗದ ಅಂಚನ್ನು 45 ಡಿಗ್ರಿಗಿಂತ ಕಡಿದಾಗಿ ಬಿಡಬಾರದು, ಮೆಟ್ಟಿಲು ಮಾಡಿದರೆ ಒಂದೂವರೆ ಮೀಟರ್‌ಗಿಂತ ಎತ್ತರ ಇರಬಾರದು. ಇದು 1961ರ ಗಣಿ ನಿಯಮದಲ್ಲೇ ಇದೆ. ಮೆಟ್ಟಿಲುಗಳಲ್ಲಿ ಕೆಲಸ ಮುಗಿದ ಹಾಗೆಲ್ಲ ಮಣ್ಣು ತುಂಬಿ ಹೊಂಗೆ, ಬೇವು, ಹುಣಸೆ ನೆಡಬಹುದು. ಕೊನೆಗೆ ಎಲ್ಲ ಒಟ್ಟಿಗೆ ಮಾಡುತ್ತೇವೆ ಎಂದರೆ ಮಾಡುವುದಿಲ್ಲ ಎಂದೇ ತಿಳಿಯಿರಿ.

ಕೆರೆಯ ಬಗ್ಗೆ ಒಂದು ಎಚ್ಚರಿಕೆ. ಗ್ರಾಮ ನಕ್ಷೆ ತೆಗೆದು ನಿಮ್ಮ ಜಮೀನಿನ ಅಂಚಲ್ಲಿ ರಾಜಕಾಲುವೆ, ಹಳ್ಳ ಇದೆಯಾ ನೋಡಿ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸುವ ಮರಳು) ತೊಳೆದ ಬೂದಿ ಬಣ್ಣದ ಕೆಸರು ಕಾಲುವೆ ಹಿಡಿದು ಕೆರೆಗೆ ಇಳಿದರೆ ಕೆರೆಯ ತಳಕ್ಕೆ ಗಾರೆ ಬಳಿದ ಹಾಗಾಗುತ್ತದೆ, ನೀರು ಇಂಗುವುದು ನಿಲ್ಲುತ್ತದೆ. ಕ್ವಾರಿಯ ನೀರು ಹೂಳು ಗುಂಡಿಯಲ್ಲಿ ನಿಂತು ತಿಳಿಯಾದ ಮೇಲಷ್ಟೇ ಹೊರಬರಬೇಕು. ಹಿಪ್ಪುನೇರಳೆಯ ಮಾತು ನಿಮಗೆ ನಾನು ಹೇಳಬೇಕಾಗಿಲ್ಲ, ದೂಳು ಕೂತ ಸೊಪ್ಪನ್ನು ಹುಳು ಸರಿಯಾಗಿ ತಿನ್ನುವುದಿಲ್ಲ. ಕ್ರಷರ್ ಅಲ್ಲೇ ಹಾಕುತ್ತಾರಾ, ಬೇರೆ ಕಡೆಯಾ ಎಂದು ಮೊದಲೇ ಕೇಳಿ. ಅಲ್ಲೇ ಎಂದರೆ ತೋಟದ ಆಸೆ ಬಿಡಬೇಕಾದೀತು.

ಈಗ ಅಳತೆ. ಕ್ವಾರಿ ಶುರುವಾಗುವ ಮುಂಚೆ ಕನಿಷ್ಠ ಎರಡು ಸಲ, ಮೇ ತಿಂಗಳಲ್ಲಿ ಒಮ್ಮೆ, ನವೆಂಬರಿನಲ್ಲಿ ಒಮ್ಮೆ, ಅರ್ಧ ಕಿಲೋಮೀಟರ್ ಒಳಗಿನ ಎಲ್ಲ ಬಾವಿ, ಬೋರ್‌ವೆಲ್‌ಗಳ ನೀರಿನ ಮಟ್ಟ ಬರೆದಿಡಿ. ಹಿಂದಿನ ರಾತ್ರಿಯಿಂದ ಮೋಟಾರು ನಿಲ್ಲಿಸಿ, ಬೆಳಿಗ್ಗೆ ಅಳೆಯಬೇಕು. ಉದ್ದನೆಯ ಸ್ಟೀಲ್ ಟೇಪಿನ ತುದಿಯ ಒಂದೆರಡು ಮೀಟರಿಗೆ ಸೀಮೆಸುಣ್ಣ ಬಳಿದು ಕೆಳಗೆ ಬಿಡಿ. ಮೇಲೆ ಬಾವಿಯ ಅಂಚಿಗೆ ಟೇಪು ಎಷ್ಟಕ್ಕೆ ಬಂತು ಬರೆದುಕೊಳ್ಳಿ. ಎತ್ತಿ ನೋಡಿದರೆ ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ಗೊತ್ತಾಗುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಅಂಚಿನಿಂದ ನೀರು ಎಷ್ಟು ಕೆಳಗಿದೆ ಎಂಬ ಲೆಕ್ಕ. ಪ್ರತಿ ಸಲ ಅಂಚಿನ ಅದೇ ಜಾಗದಿಂದ ಅಳೆಯಬೇಕು, ಬಣ್ಣದಲ್ಲಿ ಗುರುತು ಹಾಕಿಡಿ. ಟೇಪಿಗೆ ಎಟುಕದ ಆಳದ ಬೋರ್‌ವೆಲ್‌ಗಳಲ್ಲಿ ಬಕೆಟ್ ತುಂಬಲು ಎಷ್ಟು ಸೆಕೆಂಡು ಎಂದು ಬರೆದರೂ ಇಲ್ಲದ್ದಕ್ಕಿಂತ ಮೇಲು. ಈ ಒಂದು ಪುಸ್ತಕ ಇಲ್ಲದೆ ನಾಳೆ ಯಾವ ಕಚೇರಿಗೆ ಹೋದರೂ ನಿಮ್ಮ ಮಾತು ಬರೀ ಮಾತು.

ಕರಾರಿನಲ್ಲಿ ಬಾಡಿಗೆಯ ಅಂಕಿಗಿಂತ ಮೊದಲು ತಳದ ಮಟ್ಟ ಬರೆಸಿ. ಅದರ ಕೆಳಗೆ ಒಂದಡಿ ಹೋದರೂ ಕೆಲಸ ನಿಲ್ಲಬೇಕು. ಮೇಲ್ಮಣ್ಣು, ಗರಸು ಜಮೀನಿನಿಂದ ಹೊರಗೆ ಹೋಗಬಾರದು. ಗುಂಡಿಗೆ ಹೊರಗಿನ ಯಾವ ವಸ್ತುವೂ ಬರಬಾರದು. ಇಳಿಜಾರು ದಾರಿ ಉಳಿಯಬೇಕು, ಬೇಲಿ ಅವರದೇ. ಜಾಗ ಸರಿಪಡಿಸುವ ಖರ್ಚಿಗೆ ಬ್ಯಾಂಕ್ ಗ್ಯಾರಂಟಿ ಕೇಳಿ, ವರ್ಷ ವರ್ಷ ಅದು ಜಾರಿಯಲ್ಲಿದೆಯೇ ನೋಡಿಕೊಳ್ಳಿ. ಇವಕ್ಕೆ ಒಪ್ಪದವರು ಮುಚ್ಚಿ ಕೊಡುತ್ತೇವೆ ಎಂದದ್ದು ಸುಮ್ನೆ ಬಾಯಿಮಾತು. ಸಹಿ ಹಾಕುವ ಮೊದಲು ಒಬ್ಬ ವಕೀಲರಿಗೆ ತೋರಿಸಿ, ಗುತ್ತಿಗೆದಾರರು ತರುವ ವಕೀಲರಿಗಲ್ಲ.

ಮತ್ತೆ, ಜಗಳಕ್ಕೆ ಬಂದ ಪಕ್ಕದವರನ್ನು ದೂರ ಮಾಡಿಕೊಳ್ಳಬೇಡಿ. ಅವರ ಬೋರ್‌ವೆಲ್ ಅಳತೆಯನ್ನು ಅವರ ಎದುರಲ್ಲೇ ತೆಗೆದು ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಒಂದು ಮೇ, ಒಂದು ನವೆಂಬರ್ ಅಳತೆ ಕೈಗೆ ಬರುವವರೆಗೆ ಕ್ವಾರಿಯವರಿಗೆ ಕಾಯಲು ಹೇಳಿ. ಬಂಡೆ ಎಲ್ಲಿಗೂ ಹೋಗುವುದಿಲ್ಲ.